ಡಕೋಟದ ಹೊಳೆಬದಿ ಪಾಲು

ಕೊಟ್ಟಾರ ದಾಟಿ ಕೂಳೂರು ಸಂಕದ ಕಡೆಗೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸಿಕ್ಕಿದವರಿಗೆ ಒಂದು ವಿಮಾನ ಪುಕ್ಕಟೆ ನೋಡಲು ಸಿಗುತ್ತಿತ್ತು. ಗುಜರಿ ಅಂಗಡಿಯ ತಗಡಿನ ಬೇಲಿಯ ಹಿಂದೆ, ಹೊಳೆಯ ದಡದಲ್ಲಿ, ಅದು ಬಾಲವನ್ನು ನೆಲಕ್ಕೂರಿ, ಮೂಗನ್ನು ಆಕಾಶಕ್ಕೆತ್ತಿ ಕೂತಿತ್ತು. ಎರಡು ರೆಕ್ಕೆ, ಎರಡು ದೊಡ್ಡ ಫ್ಯಾನು, ಸಾಲಾಗಿ ಪುಟ್ಟ ಕಿಟಕಿಗಳು. ಬೆಳಗಿನ ಬಿಸಿಲು ಬಿದ್ದರೆ ಬಸ್ಸಿನವರು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು, ಅಷ್ಟು ಹೊಳಪು. ಪರವೂರಿನವರು ಮೊಬೈಲ್ ಎತ್ತುತ್ತಿದ್ದರು. ಊರಿನವರು ಎತ್ತುತ್ತಿರಲಿಲ್ಲ, ಅವರಿಗೆ ಅದು ಬಸ್ ಸ್ಟಾಪು. "ವಿಮಾನ, ವಿಮಾನ, ಯಾರು ಇಳೀಲಿಕ್ಕುಂಟು?" ಎಂದು ಕಂಡಕ್ಟರ್ ಕೂಗಿದರೆ ಮೀನಿನ ಚೀಲ ಹಿಡಿದ ಹೆಂಗಸರು ವಿಮಾನದಲ್ಲಿ ಇಳಿದು ನಡೆದುಕೊಂಡು ಮನೆಗೆ ಹೋಗುತ್ತಿದ್ದರು.

ಇದರ ಯಜಮಾನ ಯೂಸುಫ್, ಎಂಬತ್ತು ತುಂಬಿದ ಗುಜರಿ ವ್ಯಾಪಾರಿ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರಲ್ಲ, ಸತ್ತ ಆನೆಗಳ ವ್ಯಾಪಾರವೇ ಅವನದ್ದು. ಬಸ್ಸು, ಬೋಟು, ಹಂಚಿನ ಕಾರ್ಖಾನೆಯ ಬಾಯ್ಲರು, ಒಮ್ಮೆ ಒಂದು ಸರ್ಕಸ್ಸಿನ ಹುಲಿಯ ಬೋನು, ಎಲ್ಲವನ್ನೂ ಒಡೆದು ತೂಕಕ್ಕೆ ಹಾಕಿದ ಮನುಷ್ಯ. ಅವನ ಅಂಗಳಕ್ಕೆ ಬಂದ ವಸ್ತು ಒಂದು ವಾರದ ಮೇಲೆ ಅದೇ ಆಕಾರದಲ್ಲಿ ಉಳಿದದ್ದನ್ನು ಯಾರೂ ನೋಡಿಲ್ಲ. ಈ ಡಕೋಟ ವಿಮಾನವೊಂದು ಮಾತ್ರ ಮೂವತ್ತು ವರ್ಷವಾದರೂ ಹಾಗೆಯೇ ಇತ್ತು.

ತೊಂಬತ್ತಮೂರರಲ್ಲಿ ಅದು ಬಜಪೆ ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ ಬಿದ್ದಿತ್ತು. ಯಾವುದೋ ಸರಕು ಸಾಗಿಸುವ ಕಂಪನಿಯವರು ಎಂಜಿನಿನ ಒಳಗಿನದ್ದನ್ನೆಲ್ಲ ಬಿಚ್ಚಿಕೊಂಡು, ಸೀಟುಗಳನ್ನೂ ಕಿತ್ತುಕೊಂಡು, ಖಾಲಿ ಮೈಯನ್ನು ಬಿಟ್ಟು ಹೋಗಿದ್ದರು. ಏಲಂಗೆ ಬಂದಾಗ ಯೂಸುಫ್ ಹಿಡಿದ. ರೆಕ್ಕೆ ಬಿಚ್ಚಿ ಮೂರು ಲಾರಿಯಲ್ಲಿ ತಂದ. ಕೆಲಸದವರು ಗ್ಯಾಸ್ ಕಟ್ಟರ್ ಹಿಡಿದು ಬಂದಾಗ ಅವನು ವಿಮಾನದ ಬಾಗಿಲ ಬಳಿ ನಿಂತು, "ಇವತ್ತು ಬೇಡ" ಎಂದ. ಮರುದಿನವೂ ಬೇಡ ಎಂದ. ಮೂರನೇ ದಿನ ಬಿಚ್ಚಿದ ರೆಕ್ಕೆಯನ್ನು ವಾಪಸು ಜೋಡಿಸಲು ಹೇಳಿದ. ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಜರಿ ಅಂಗಡಿಯಲ್ಲಿ ಜೋಡಿಸುವ ಕೆಲಸ ಅವರು ಅದೇ ಮೊದಲು ಮಾಡಿದ್ದು.

ಕಾರಣ ಇತ್ತು, ಅದೇ ಕಾರಣ ಎಂದು ಅವನು ಯಾರಿಗೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಅರುವತ್ತಾರರಲ್ಲಿ, ಮದುವೆಯಾದ ಹದಿನೈದನೇ ದಿನ, ಯೂಸುಫ್ ತನ್ನ ಹೆಂಡತಿ ಬೀಫಾತಿಮ್ಮಳನ್ನು ಬೊಂಬಾಯಿಯಲ್ಲಿದ್ದ ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋಗಿದ್ದ, ಡಕೋಟದಲ್ಲಿ. ಹಿಂದಿನ ಬಾಗಿಲಿನಿಂದ ಹತ್ತಿದರೆ ಗುಡ್ಡ ಏರಿದ ಹಾಗೆ ಮುಂದಕ್ಕೆ ನಡೆಯಬೇಕು. ಕೂತ ಮೇಲೆ ಬಾಯಿಗೆ ಒಂದು ಪೆಪ್ಪರ್‌ಮಿಂಟು, ಕಿವಿಗೆ ಚೂರು ಹತ್ತಿ. ಕಿಟಕಿಯಾಚೆ ಫ್ಯಾನು ಒಂದು ಸುತ್ತು ತಿರುಗಿ ನಿಂತಿತು, ಬೀಡಿ ಸೇದುವ ಅಜ್ಜನಂತೆ ಕೆಮ್ಮಿತು, ಒಂದು ಮುದ್ದೆ ಹೊಗೆ ಬಿಟ್ಟಿತು. ಆಮೇಲೆ ಎದೆಯೊಳಗೆ ಗುಡುಗು ಹೊಕ್ಕ ಹಾಗೆ ಇಡೀ ವಿಮಾನ ನಡುಗಿತು. ಆಗ ಬೀಫಾತಿಮ್ಮ, ಹದಿನೈದು ದಿನದಿಂದ ತಲೆ ಎತ್ತಿ ಸರಿಯಾಗಿ ಮುಖ ಸಹ ನೋಡದಿದ್ದ ಹುಡುಗಿ, ನಲವತ್ತು ಕಣ್ಣುಗಳ ಎದುರು ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಬೊಂಬಾಯಿ ಬರುವವರೆಗೂ ಬಿಡಲಿಲ್ಲ.

ಇದು ಯೂಸುಫನ ಹೇಳಿಕೆ. ಬೀಫಾತಿಮ್ಮಳ ಹೇಳಿಕೆ ಬೇರೆ.

"ನಾನು ಹಿಡಿದದ್ದು ಸೀಟಿನ ಹಿಡಿಯನ್ನು," ಎನ್ನುತ್ತಿದ್ದಳು ಅವಳು, ಮಕ್ಕಳ ಮುಂದೆ, ಮೊಮ್ಮಕ್ಕಳ ಮುಂದೆ, ಬಂದ ನೆಂಟರ ಮುಂದೆ. "ಇವರು ಕೈ ತಂದು ಅದರ ಮೇಲೆ ಇಟ್ಟದ್ದು. ಅದಕ್ಕೆ ನಾನು ಎಂತ ಮಾಡ್ಲಿ?"

ಅಷ್ಟಕ್ಕೇ ನಿಲ್ಲಿಸುತ್ತಲೂ ಇರಲಿಲ್ಲ. "ಮತ್ತೆ ಇದು ನಾವು ಹೋದ ವಿಮಾನವೇ ಅಲ್ಲ. ಅದಕ್ಕೆ ಕಿಟಕಿಯ ಕೆಳಗೆ ಉದ್ದಕ್ಕೆ ನೀಲಿ ಗೆರೆ ಇತ್ತು. ಇದಕ್ಕೆ ಎಲ್ಲಿ ಉಂಟು ಗೆರೆ?"

"ಕಣ್ಣು ಮುಚ್ಚಿಕೊಂಡೇ ಬೊಂಬಾಯಿಗೆ ಮುಟ್ಟಿದವಳು ನೀನು. ಗೆರೆ ಯಾವಾಗ ನೋಡಿದೆ?"

"ಹತ್ತುವಾಗ. ಹತ್ತುವಾಗ ಕಣ್ಣು ತೆರೆದೇ ಇತ್ತು."

ಈ ವಾದ ಮೂವತ್ತು ವರ್ಷ ನಡೆಯಿತು. ಕೋರ್ಟಿನಲ್ಲಿಯೂ ಇಷ್ಟು ದಿನ ಎಳೆಯುವುದಿಲ್ಲ.

ವಿಮಾನಕ್ಕೆ ಇನ್ನೊಬ್ಬ ಪಾಲುದಾರನಿದ್ದ. ಹೊಳೆ ಕಡಲು ಸೇರುವಲ್ಲಿನ ಬೆಂಗ್ರೆಯ ಬೋಜ, ಯೂಸುಫನಿಗಿಂತ ಮೂರು ವರ್ಷ ಸಣ್ಣವ, ದೋಣಿ ರಿಪೇರಿಯವನು. ಯೂಸುಫ್ ಹಳೆ ಬೋಟು ಒಡೆಯುವಾಗ ಒಳ್ಳೆ ಹಲಗೆ ಆರಿಸಲು ಬಂದು ಸ್ನೇಹವಾದದ್ದು. ಹರೆಯದಲ್ಲಿ ಬೋಜ ಮಳೆಗಾಲ ಬಂತೆಂದರೆ ಬಜಪೆಗೆ ಕೂಲಿಗೆ ಹೋಗುತ್ತಿದ್ದ. ಕಡಲಿಗೆ ರಜೆ ಇರುವಾಗ ಆಕಾಶದಲ್ಲಿ ಕೆಲಸ ಹುಡುಕಿದ ಜಾಣ. ಮಳೆಗಾಲದಲ್ಲಿ ವಿಮಾನಕ್ಕೂ ರಜೆ ಎಂದು ಅವನಿಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಮೋಡ ಕಟ್ಟಿದರೆ ಡಕೋಟ ಬರುತ್ತಿರಲಿಲ್ಲ. ಬಂದ ದಿನ ಮಾತ್ರ ಬೋಜ ರಾಜ. ಬೊಂಬಾಯಿಗೆ ಹೋಗುವ ಮಲ್ಲಿಗೆಯ ಬುಟ್ಟಿಗಳನ್ನು ಏರಿಸುವುದು, ಎಂಜಿನ್ ಚಾಲು ಮಾಡುವ ಮೊದಲು ಫ್ಯಾನಿನ ಎಲೆ ಹಿಡಿದು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸುವುದು. ರಾತ್ರಿಯೆಲ್ಲ ಎಂಜಿನಿನ ಎಣ್ಣೆ ಕೆಳಗಿಳಿದು ಕೂತಿರುತ್ತದಂತೆ, ಅದನ್ನು ಹೀಗೆ ಎಬ್ಬಿಸಬೇಕಂತೆ.

"ಡಕೋಟ ಅಂದ್ರೆ ಎಣ್ಣೆ ಮಾರಾಯ್ರೆ," ಎನ್ನುತ್ತಿದ್ದ ಬೋಜ. "ಅಲ್ಲಿಂದ ಇಲ್ಲಿಂದ ಸುರಿತಾನೇ ಇರ್ತಿತ್ತು. ಎಣ್ಣೆ ಸುರಿಯದಿದ್ದರೆ ಪೈಲಟ್ ಹೆದರ್ತಿದ್ದ, ಒಳಗೆ ಎಣ್ಣೆಯೇ ಇಲ್ಲ ಅಂತ."

ಈ ಎಣ್ಣೆಯಿಂದಲೇ ಜಗಳ ಶುರುವಾಯಿತು. ವಿಮಾನ ತಂದಾಗ ಅದರ ಮೈ ತುಂಬ ಪಾಚಿ, ಹೊಗೆ, ಮಣ್ಣು. ಯೂಸುಫನ ಮಗ ಫಾಝಿಲ್ ಆಗಷ್ಟೇ ದುಬೈಗೆ ಹೋಗಿದ್ದ, ಅಲ್ಲಿಂದ ಡಬ್ಬಿ ಡಬ್ಬಿ ಪಾಲಿಷ್ ಕಳಿಸಿದ. ಯೂಸುಫ್ ಬಟ್ಟೆ ಹಿಡಿದು ಉಜ್ಜಲು ಕೂತ. ಬೋಜ ಸೊಂಟಕ್ಕೆ ಕೈಕೊಟ್ಟು ನೋಡಿದ.

"ಯೂಸುಫಾಕ, ಇಲ್ಲಿ ಉಪ್ಪುಗಾಳಿ. ಉಜ್ಜಿದರೆ ಆಗುದಿಲ್ಲ. ಕುಡಿಸ್ಬೇಕು."

"ಎಂತ ಕುಡಿಸುದು?"

"ಬೂತಾಯಿ ಎಣ್ಣೆ."

ಬೂತಾಯಿ ಮೀನಿನ ಎಣ್ಣೆಯನ್ನು ದೋಣಿಗೆ ಹಚ್ಚುವುದು ಬೆಂಗ್ರೆಯಲ್ಲಿ ಅಜ್ಜಂದಿರ ಕಾಲದ ಕ್ರಮ. ವರ್ಷಕ್ಕೊಮ್ಮೆ ಮಳೆಗೆ ಮೊದಲು ದೋಣಿಯನ್ನು ದಡಕ್ಕೆ ಎಳೆದು, ತೊಳೆದು, ಒಣಗಿಸಿ, ಕುಡಿಯುವಷ್ಟು ಎಣ್ಣೆ ಕುಡಿಸುತ್ತಾರೆ. ವಾಸನೆಯ ಬಗ್ಗೆ ಕಡಲಿನವರು ಯಾರೂ ಮಾತಾಡುವುದಿಲ್ಲ. ಯೂಸುಫ್ ಮಾತಾಡಿದ. ಮಲ್ಲಿಗೆ ಹೊತ್ತ ವಿಮಾನಕ್ಕೆ ಮೀನಿನ ಎಣ್ಣೆಯೇ ಎಂದು ಕೂಗಾಡಿದ. ಬೋಜನೂ ಬಿಡಲಿಲ್ಲ. ಮರ ಬೇರೆ, ಲೋಹ ಬೇರೆ ಎಂದರೆ, ಉಪ್ಪಿಗೆ ಅದೆಲ್ಲ ಗೊತ್ತುಂಟಾ ಎಂದು ಕೇಳಿದ. ಎರಡು ವಾರ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬಂದು ಬೀಫಾತಿಮ್ಮಳ ಕೈಯ ಚಹಾ ಕುಡಿದು ಒಬ್ಬರ ಮೇಲೊಬ್ಬರು ದೂರು ಹೇಳಿದರು. ಕಡೆಗೆ ಅವಳೇ ಬೇಸತ್ತು ತೀರ್ಪು ಕೊಟ್ಟಳು.

"ಪಾಲು ಮಾಡಿಕೊಳ್ಳಿ. ಅಣ್ಣತಮ್ಮಂದಿರೇ ಜಾಗ ಪಾಲು ಮಾಡ್ತಾರೆ, ನಿಮಗೆ ಎಂತ?"

ಹಾಗೆ ಪಾಲಾಯಿತು. ಮೂಗಿನಿಂದ ಬಾಲದವರೆಗೆ ಬೆನ್ನಿನ ಮೇಲೆ ತೆಂಗಿನ ಹುರಿ ಎಳೆದು ಗೆರೆ ಹಾಕಿದರು. ರಸ್ತೆ ಬದಿ, ಅಂದರೆ ವಿಮಾನದ ಬಲಗಡೆ, ಯೂಸುಫನಿಗೆ. ಹೊಳೆಬದಿ, ಅಂದರೆ ಬಾಗಿಲಿರುವ ಎಡಗಡೆ, ಬೋಜನಿಗೆ. ತಲಾ ಒಂದು ರೆಕ್ಕೆ, ತಲಾ ಒಂದು ಫ್ಯಾನು. ಇಷ್ಟು ಸುಸೂತ್ರವಾದ ಪಾಲು ದಕ್ಷಿಣ ಕನ್ನಡದಲ್ಲಿ ಹಿಂದೆ ಆದದ್ದಿಲ್ಲ, ಮುಂದೆ ಆಗುವುದೂ ಕಷ್ಟ.

ಅಂದಿನಿಂದ ಪ್ರತಿ ಶುಕ್ರವಾರ ನಮಾಜು ಮುಗಿಸಿ, ಊಟ ಮಾಡಿ, ಯೂಸುಫ್ ತನ್ನ ಬದಿಯನ್ನು ಉಜ್ಜಿದ. ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಗೆ, ಬೋಜ ಎಣ್ಣೆಯ ಡಬ್ಬಿಯೊಂದಿಗೆ ದೋಣಿಯಲ್ಲೇ ಹೊಳೆ ಏರಿ ಬಂದು ತನ್ನ ಬದಿಗೆ ಹಚ್ಚಿದ. ಯೂಸುಫನ ಬದಿ ಕನ್ನಡಿಯಾಯಿತು. ಬೋಜನ ಬದಿ ದೋಸೆ ಕಾವಲಿಯಷ್ಟು ಕಪ್ಪಾಯಿತು. ಕೂಳೂರಿನ ಬೆಕ್ಕುಗಳೆಲ್ಲ ಆ ರೆಕ್ಕೆಯ ಮೇಲೆ ಬಂದು ಮಲಗತೊಡಗಿದವು.

"ನಿನ್ನ ವಿಮಾನಕ್ಕೆ ಪ್ಯಾಸೆಂಜರು ಹತ್ತಿದ್ದಾರೆ ನೋಡು," ಎಂದು ಯೂಸುಫ್ ಕುಟುಕುತ್ತಿದ್ದ.

"ನಿಮ್ಮದಕ್ಕೆ ಒಂದು ನೊಣವೂ ಹತ್ತುದಿಲ್ಲ, ಜಾರ್ತದೆ," ಎನ್ನುತ್ತಿದ್ದ ಬೋಜ.

ಹೀಗೆ ಸುಖವಾಗಿ ನಡೆದಿತ್ತು. ಈ ವರ್ಷ ಏಪ್ರಿಲಿನಲ್ಲಿ ಫಾಝಿಲ್ ಬಂದು ತಂದೆಯ ಎದುರು ಕೂತ. ದುಬೈ ಬಿಟ್ಟು ಬಂದು ಅವನು ಈಗ ಕೊಟ್ಟಾರದಲ್ಲಿ ಆಫೀಸು ಇಟ್ಟಿದ್ದ. ಗುಜರಿ ವ್ಯಾಪಾರ ನಿಂತು ಎರಡು ವರ್ಷವಾಗಿತ್ತು. ಜಾಗವನ್ನು ಒಂದು ಟೈಲ್ಸ್ ಶೋರೂಮಿಗೆ ಬಾಡಿಗೆಗೆ ಕೊಡುವ ಕಾಗದಕ್ಕೆ ಯೂಸುಫನೇ ಸಹಿ ಹಾಕಿದ್ದ. ಸಹಿ ಹಾಕುವಾಗ ವಿಮಾನದ ಬಗ್ಗೆ ಯೋಚಿಸಿರಲಿಲ್ಲ. ಮನೆ ಮಾರುವವನು ಮನೆಯೊಳಗಿನ ಹೆಂಡತಿಯನ್ನೂ ಬಿಟ್ಟು ಹೋಗಬೇಕೇ ಎಂದು ಯೋಚಿಸುತ್ತಾನೆಯೇ?

"ಉಪ್ಪಾ, ಜೂನ್ ಒಂದಕ್ಕೆ ಜಾಗ ಖಾಲಿ ಬೇಕು ಅಂತಾರೆ," ಎಂದ ಫಾಝಿಲ್. "ನಾನು ಒಂದು ಟ್ರಸ್ಟಿನವರ ಹತ್ತಿರ ಮಾತಾಡಿದ್ದೇನೆ. ಹಳೆ ವಿಮಾನಗಳನ್ನು ಉಳಿಸುವವರು. ಇಲ್ಲಿಯೇ ಹತ್ತಿರ ಎಲ್ಲೋ ಮ್ಯೂಸಿಯಂ ಮಾಡ್ತಾರಂತೆ. ಅವರ ಇಂಜಿನಿಯರ್ ಬಂದು ನೋಡ್ತಾರೆ. ತಗಡು ಗಟ್ಟಿ ಇದ್ದರೆ ತಗೊಂಡು ಹೋಗ್ತಾರೆ."

"ಇಲ್ಲದಿದ್ದರೆ?"

ಫಾಝಿಲ್ ಮೂಲೆಯಲ್ಲಿ ಮೂವತ್ತು ವರ್ಷದಿಂದ ಆ ವಿಮಾನವನ್ನು ಕಾಯುತ್ತಿದ್ದ ಗ್ಯಾಸ್ ಕಟ್ಟರಿನ ಕಡೆ ನೋಡಿದ. ಬಾಯಿಬಿಟ್ಟು ಹೇಳಲಿಲ್ಲ. ಗುಜರಿಯವನ ಮಗನಿಗೆ ಅಷ್ಟು ದಾಕ್ಷಿಣ್ಯ ಇತ್ತು.

ಮೇ ಕೊನೆಗೆ ಇಂಜಿನಿಯರ್ ಬರುವ ವಾರ ಯೂಸುಫ್ ಶುಕ್ರವಾರಕ್ಕೆ ಕಾಯಲಿಲ್ಲ. ದಿನಾ ಉಜ್ಜಿದ. ಮೊಣಕೈ ಬಾತುಕೊಂಡಿತು. ಬೀಫಾತಿಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತ, "ನನ್ನ ಕಾಲಿಗೆ ಒಂದು ದಿನ ಹೀಗೆ ತಿಕ್ಕಿದ್ದಿದ್ದರೆ ನಾನೂ ಹೊಳೀತಿದ್ದೆ," ಎಂದಳು. ಅವನು ನಗಲಿಲ್ಲ. ಅವನ ನಿದ್ದೆ ಹಾರಿಹೋಗಿತ್ತು. ತನ್ನ ಬದಿಯ ಬಗ್ಗೆ ಚಿಂತೆ ಇರಲಿಲ್ಲ, ಅದು ಕನ್ನಡಿ. ಚಿಂತೆ ಇದ್ದದ್ದು ಆಚೆ ಬದಿಯದ್ದು. ಇಂಜಿನಿಯರ್ ಆ ಕಪ್ಪು ಮೈಯನ್ನೂ ಬೆಕ್ಕುಗಳನ್ನೂ ನೋಡಿ ಮೂಗು ಮುಚ್ಚಿಕೊಂಡು ತಿರುಗಿ ಹೋದರೆ?

ಬುಧವಾರ ಬೋಜ ಬಂದಾಗ ಯೂಸುಫ್ ವಿಷಯ ತೆಗೆದ.

"ನಾಳೆ ಹತ್ತು ಗಂಟೆಗೆ ಅವರು ಬರ್ತಾರೆ. ಅದನ್ನು ಸೋಪು ಹಾಕಿ ತೊಳೆದುಬಿಡುವ, ಆಗ್ದಾ?"

"ಯಾವುದನ್ನು?"

"ನಿನ್ನ ಎಣ್ಣೆಯನ್ನು ಮಾರಾಯ."

"ತೊಳೆದರೆ ಹೋಗುದಿಲ್ಲ ಯೂಸುಫಾಕ. ಮೂವತ್ತು ವರ್ಷದ್ದು. ಮತ್ತೆ ಯಾಕೆ ತೊಳೀಬೇಕು?"

"ನಾರ್ತದೆ. ಓದಿದ ಜನ ಅವರು. ಎಂತ ಹೇಳಿಯಾರು?"

"ಎಂತ ಹೇಳ್ತಾರೆ? ಬೂತಾಯಿ ಎಣ್ಣೆ ಅಂತ ಹೇಳುದು."

ಆಗ ಯೂಸುಫನ ಬಾಯಿಂದ ಬರಬಾರದ ಮಾತು ಬಂತು. "ಹಾಗಾದ್ರೆ ನಾನು ಟರ್ಪಾಲ್ ಮುಚ್ಚುತ್ತೇನೆ. ನೀನು ನಾಳೆ ಬರುದು ಬೇಡ. ನೀನೂ ಅದೇ ವಾಸನೆ."

ಬೋಜ ಚಹಾದ ಲೋಟ ಕೆಳಗಿಟ್ಟ. ಯಾವ ಮಾತಿಗೂ ಎರಡು ಮಾತು ತಿರುಗಿಸಿ ಕೊಡುವವನು, ಅವತ್ತು "ಆಯ್ತು" ಎಂದಷ್ಟೇ ಹೇಳಿದ. ಚಹಾ ಅರ್ಧ ಉಳಿದಿತ್ತು. ದೋಣಿ ಹೊಳೆಯಲ್ಲಿ ಕೆಳಗೆ ಹೋಗುವುದನ್ನು ಯೂಸುಫ್ ದಡದಲ್ಲಿ ನಿಂತು ನೋಡಿದ. ಕರೆಯಬೇಕೆನಿಸಿತು, ಕರೆಯಲಿಲ್ಲ.

ಮರುದಿನ ಹತ್ತು ಗಂಟೆಗೆ ಸರಿಯಾಗಿ ಮಟಿಲ್ಡಾ ಬಂದಳು. ಮಣ್ಣಗುಡ್ಡದವಳು, ಮೂವತ್ತೈದು ವರ್ಷ ವಿಮಾನಗಳ ಹೊಟ್ಟೆಯೊಳಗೆ ಕೆಲಸ ಮಾಡಿ ನಿವೃತ್ತಳಾದ ಇಂಜಿನಿಯರ್. ಬೆಳ್ಳಿಕೂದಲು, ಕಾಲಿಗೆ ಕ್ಯಾನ್ವಾಸ್ ಶೂ, ಕೈಯಲ್ಲಿ ಒಂದು ಟಾರ್ಚು, ಒಂದು ಭೂತಗನ್ನಡಿ. ರಸ್ತೆ ಬದಿಯಲ್ಲಿ ನಿಂತು ತಲೆ ಎತ್ತಿ ನೋಡಿದಳು. ವಿಮಾನದ ಮೈಯಲ್ಲಿ ಅವಳ ಮುಖ, ಬೇಲಿ, ಹೋಗುತ್ತಿದ್ದ ಬಸ್ಸು, ಎಲ್ಲವೂ ಕಾಣುತ್ತಿದ್ದವು.

"ಅಬ್ಬ, ಯಾರು ಮಾಡಿದ್ದು ಇದು?"

"ನಾನೇ," ಎಂದ ಯೂಸುಫ್. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇಲ್ಲಿ ಹೆಗ್ಗಣ ನಿಜವಾಗಿ ಚೆಂದವೂ ಇತ್ತು. "ಮೂವತ್ತು ವರ್ಷ. ವಾರಕ್ಕೊಮ್ಮೆ ತಪ್ಪಲಿಲ್ಲ."

ಮಟಿಲ್ಡಾಳ ಮುಖದ ಮೇಲಿನ ನಗು ನಿಧಾನ ಇಳಿಯಿತು. ಹತ್ತಿರ ಹೋಗಿ ಭೂತಗನ್ನಡಿ ಇಟ್ಟಳು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದಳು. ಒಂದು ಕಡೆ ಹೆಬ್ಬೆರಳಿಂದ ಮೆಲ್ಲ ಒತ್ತಿದಾಗ ತಗಡು ಬಿಸ್ಕಿಟ್ ಡಬ್ಬಿಯ ಮುಚ್ಚಳದಂತೆ ಒಳಗೆ ಹೋಗಿ ಟಪ್ಪೆಂದು ಹೊರಗೆ ಬಂತು. ಕಿಟಕಿಯ ಕೆಳಗಿನ ಮೊಳೆಗಳ ಸುತ್ತ ಸಣ್ಣ ಸಣ್ಣ ಬಿಳಿ ಗುಳಿಗಳಿದ್ದವು. ಅವಳು ಉಗುರು ಆಡಿಸಿದರೆ ಸುಣ್ಣದಂತೆ ಪುಡಿ ಉದುರಿತು.

"ಸಾಹೇಬ್ರೇ," ಎಂದಳು ಅವಳು, ಡಾಕ್ಟರುಗಳು ನೆಂಟರನ್ನು ಹೊರಗೆ ಕರೆದು ಮಾತಾಡುವ ದನಿಯಲ್ಲಿ. "ಡಕೋಟದ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರ್ತದೆ. ಕೂದಲಷ್ಟು ತೆಳು. ಉಪ್ಪಿನಿಂದ ಕಾಯುವುದು ಅದೇ. ಪಾಲಿಷ್ ಹಾಕಿ ಒಂದೊಂದು ಸಲ ಉಜ್ಜಿದಾಗಲೂ ಅದು ಸ್ವಲ್ಪ ಸ್ವಲ್ಪ ಹೋಗ್ತದೆ. ನೀವು ಮೂವತ್ತು ವರ್ಷ ಉಜ್ಜಿದ್ದೀರಿ. ಈಗ ಉಳಿದದ್ದು ಹೊಳಪು ಮಾತ್ರ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಯೂಸುಫ್ ಸಾವಿರ ಗಿರಾಕಿಗಳಿಗೆ ಹೇಳಿದ್ದ. ಈಗ ಅವನಿಗೆ ಆ ಗಾದೆ ನೆನಪಾಗಲಿಲ್ಲ. ನೆನಪಾದದ್ದು ಶುಕ್ರವಾರಗಳು. ಜ್ವರ ಬಂದಾಗಲೂ ಬಿಡದ ಶುಕ್ರವಾರಗಳು, ಮಗಳ ಮದುವೆಯ ಮರುದಿನದ ಶುಕ್ರವಾರ. ಅಷ್ಟೂ ದಿನ ಅವನು ಈ ವಿಮಾನವನ್ನು ಬಟ್ಟೆಯಿಂದ ಒಡೆಯುತ್ತಲೇ ಇದ್ದ. ಗ್ಯಾಸ್ ಕಟ್ಟರಿನವರು ಮೂರು ದಿನದಲ್ಲಿ ಮಾಡುವುದನ್ನು ಅವನು ಮೂವತ್ತು ವರ್ಷ ತೆಗೆದುಕೊಂಡು ಮಾಡಿದ್ದ.

"ಹಾಗಾದ್ರೆ ಆಗುದಿಲ್ವಾ ಮೇಡಂ?"

"ಎರಡು ಬದಿಯೂ ಹೀಗೇ ಇದ್ದರೆ ಕಷ್ಟ. ಆಚೆ ಬದಿ ಎಂತ ಮುಚ್ಚಿಟ್ಟದ್ದು?"

ನೀಲಿ ಟರ್ಪಾಲ್ ಹೊಳೆಯ ಗಾಳಿಗೆ ಪಟಪಟ ಹೊಡೆಯುತ್ತಿತ್ತು. ಅದರಡಿಯಿಂದ ಒಂದು ಬೆಕ್ಕು ಇಣುಕಿತು. ಏನೂ ಇಲ್ಲ ಎಂದುಬಿಟ್ಟರೆ ಮಾನ ಉಳಿಯುತ್ತಿತ್ತು. ವಿಮಾನ ಉಳಿಯುತ್ತಿರಲಿಲ್ಲ. ಯೂಸುಫ್ ತಾನೇ ಹಗ್ಗ ಬಿಚ್ಚಿದ. ಟರ್ಪಾಲ್ ಜಾರಿ ಬಿತ್ತು. ವಾಸನೆ ಎದ್ದು ಬಂತು. ಮಟಿಲ್ಡಾ ಕರ್ಚೀಫು ತೆಗೆದು ಮೂಗಿಗೆ ಹಿಡಿದಳು.

"ಇದು ಎಂತದ್ದು?"

"ಬೂತಾಯಿ ಎಣ್ಣೆ," ಎಂದ ಯೂಸುಫ್. "ಬೆಂಗ್ರೆಯ ಬೋಜ ಅಂತ ನನ್ನ ದೋಸ್ತ್ ಒಬ್ಬ. ವರ್ಷಕ್ಕೊಮ್ಮೆ ಹಚ್ತಾನೆ. ನಾನು ಬೇಡ ಅಂದದ್ದು. ಅವನು ಕೇಳ್ಲಿಲ್ಲ."

ಮಟಿಲ್ಡಾ ಬ್ಯಾಗಿನಿಂದ ಬಾಟಲಿ ತೆಗೆದು ಬಟ್ಟೆಗೆ ಸುರಿದು ಬಾಗಿಲ ಪಕ್ಕ ಒರೆಸಿದಳು. ಕಪ್ಪು ಎದ್ದು ಬಂತು, ಕರಗಿದ ಬೆಲ್ಲದ ಹಾಗೆ. ಇನ್ನೊಮ್ಮೆ ಒರೆಸಿದಳು. ಒಳಗಿಂದ ಮಾಸಲು ಬೂದು ತಗಡು ಕಂಡಿತು, ಒಂದು ಗುಳಿ ಇಲ್ಲ. ಬಡಿದಳು, ಗಟ್ಟಿ ಸದ್ದು ಬಂತು. ಕರ್ಚೀಫು ಮೂಗಿನಿಂದ ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ. ಕಿಟಕಿಯ ಕೆಳಗೆ ಕೈಯಗಲ ಒರೆಸಿದಾಗ ಅಲ್ಲಿ ಒಂದು ಗೆರೆ ಮೂಡಿತು. ಎರಡು ಬೆರಳು ದಪ್ಪದ ಗೆರೆ, ನೀಲಿ.

ಯೂಸುಫ್ ಅಲ್ಲೇ ಇದ್ದ ಎಣ್ಣೆ ಡಬ್ಬಿಯ ಮೇಲೆ ಕೂತುಬಿಟ್ಟ. ತನ್ನ ಬದಿಯಲ್ಲಿಯೂ ಇದೇ ಗೆರೆ ಇದ್ದಿರಬೇಕು. ಪಾಚಿಯ ಜೊತೆ ಮೊದಲ ತಿಂಗಳೇ ಅದನ್ನು ಉಜ್ಜಿ ತೆಗೆದು, ಆಮೇಲೆ ಮೂವತ್ತು ವರ್ಷ ಹೆಂಡತಿಯ ಜೊತೆ ಗೆರೆ ಇರಲೇ ಇಲ್ಲವೆಂದು ವಾದ ಮಾಡಿದ್ದ.

"ಒಂದು ಬದಿ ಸರಿ ಉಂಟಲ್ಲ, ಸಾಕು," ಎಂದಳು ಮಟಿಲ್ಡಾ. ಅವಳ ದನಿ ಬೇರೆಯೇ ಆಗಿತ್ತು. "ಇದನ್ನು ನೋಡಿ ಆ ಬದಿಯ ತಗಡು ಮಾಡಿಸಬಹುದು. ನಾನು ತಗೊಳ್ಳಿ ಅಂತ ಬರೀತೇನೆ. ಆದರೆ ಒಂದು ಮಾತು. ನಮ್ಮ ಕಟ್ಟಡ ಆಗ್ಲಿಕ್ಕೆ ಇನ್ನೂ ಒಂದು ವರ್ಷ. ಅಲ್ಲಿಯವರೆಗೆ ಇದು ನಮ್ಮ ಬಯಲಲ್ಲಿ, ಉಪ್ಪುಗಾಳಿಗೇ ನಿಲ್ಬೇಕು. ಹೋಗುವ ಮೊದಲು ನಿಮ್ಮ ಬದಿಗೂ ಆ ಎಣ್ಣೆ ಹಚ್ಚಿಸಿ. ಅವರಿಂದಲೇ. ಪಾಲಿಷ್ ಡಬ್ಬಿ ಎಲ್ಲಿದ್ದರೂ ಬಿಸಾಡಿ."

ಬಂದರಿನಿಂದ ಬೆಂಗ್ರೆಗೆ ಫೆರಿ ಐದು ನಿಮಿಷದ ದಾರಿ. ಯೂಸು‌ಫನಿಗೆ ಅವತ್ತು ಅದು ಬೊಂಬಾಯಿಗಿಂತ ದೂರವಾಯಿತು. ಮೂವತ್ತು ವರ್ಷದ ಕೀಟಲೆಗಳೆಲ್ಲ ಬಡ್ಡಿ ಸಮೇತ ವಾಪಸು ಬರುತ್ತವೆ ಎಂದು ಅವನಿಗೆ ಗೊತ್ತಿತ್ತು. ಬೋಜ ಏನೇನು ಹೇಳಬಹುದೆಂದು ತಾನೇ ಯೋಚಿಸಿದ. ಎಲ್ಲವೂ ಚೆನ್ನಾಗಿಯೇ ಇದ್ದವು. ಒಂದೆರಡಕ್ಕೆ ನಗುವೂ ಬಂತು.

ಬೋಜ ಮನೆಯ ಮುಂದೆ ಮರಳಿನಲ್ಲಿ ಮಗುಚಿ ಹಾಕಿದ ದೋಣಿಗೆ ಎಣ್ಣೆ ಹಚ್ಚುತ್ತಿದ್ದ. ತಲೆ ಎತ್ತದೆ, "ಬನ್ನಿ ಯೂಸುಫಾಕ. ಇಲ್ಲೆಲ್ಲ ವಾಸನೆ, ಜಾಗ್ರತೆ," ಎಂದ. ಬೋಜನ ಹೆಂಡತಿ ಕುಶಲಾ ಕುರ್ಚಿ ತಂದಿಟ್ಟಳು. ಯೂಸುಫ್ ಕೂರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದ. ತೆಳು ಪದರ, ಬಿಳಿ ಗುಳಿ, ಬಿಸ್ಕಿಟ್ ಡಬ್ಬಿಯ ಸದ್ದು, ನೀಲಿ ಗೆರೆ, ತನ್ನ ಬದಿಗೂ ಬೋಜನಿಂದಲೇ ಹಚ್ಚಿಸಬೇಕಾದ ಎಣ್ಣೆ. ಏನನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಕಾದ.

ಬೋಜ ಸುಮ್ಮನೆ ಎಣ್ಣೆ ಹಚ್ಚುತ್ತಲೇ ಇದ್ದ. ಒಂದು ಹಲಗೆ ಮುಗಿಯಿತು. ಇನ್ನೊಂದು ಹಲಗೆ ಶುರುವಾಯಿತು.

"ಎಂತಾದ್ರೂ ಹೇಳು ಮಾರಾಯ," ಎಂದ ಯೂಸುಫ್. "ಬೈ. ತಮಾಷೆ ಮಾಡು. ಮೂವತ್ತು ವರ್ಷದಲ್ಲಿ ನೀನು ಇಷ್ಟು ಹೊತ್ತು ಸುಮ್ಮನೆ ಕೂತದ್ದಿಲ್ಲ."

"ನೀವು ಪ್ರೀತಿಯಲ್ಲಿ ಉಜ್ಜಿದ್ದಲ್ವಾ," ಎಂದ ಬೋಜ. "ಅದಕ್ಕೆ ಎಂತ ತಮಾಷೆ ಮಾಡ್ಲಿ?"

ಬೈದಿದ್ದರೆ ಯೂಸುಫ್ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಎಂಬತ್ತರ ಗುಜರಿ ವ್ಯಾಪಾರಿ ಬೆಂಗ್ರೆಯ ಮರಳಿನಲ್ಲಿ ನಿಂತು ಕಣ್ಣೊರೆಸಿಕೊಂಡ. ಕುಶಲಾ ಒಳಗೆ ಹೋಗಿ ಪಾತ್ರೆಗಳ ಸದ್ದು ಮಾಡಿದಳು.

"ನಿನ್ನೆ ಆ ಮಾತು ಹೇಳಬಾರದಿತ್ತು ಬೋಜ. ವಾಸನೆಯದ್ದು."

"ಹೇಳಬಾರದಿತ್ತು," ಎಂದು ಬೋಜ ಒಪ್ಪಿಕೊಂಡ. ಆಮೇಲೆ ಎಣ್ಣೆಯ ಕೈಯನ್ನು ಲುಂಗಿಗೆ ಒರೆಸಿ, ನಾರಿನ ಕುಂಚವೊಂದನ್ನು ಎತ್ತಿ ಅವನ ಕೈಗೆ ಕೊಟ್ಟ. "ಬರ್ತೇನೆ. ಆದರೆ ನಿಮ್ಮ ಪಾಲಿಗೆ ನಾನು ಕೈ ಹಾಕುದಿಲ್ಲ, ಪಾಲು ಅಂದ್ರೆ ಪಾಲು. ಎಣ್ಣೆ ತರ್ತೇನೆ. ನಿಮ್ಮ ಬದಿಗೆ ನೀವೇ ಹಚ್ಚಿ. ನಾನು ಕುರ್ಚಿ ಹಾಕಿ ಕೂತು ನೋಡುದು."

ಯೂಸುಫನಿಗೆ ಜೀವ ಬಂದ ಹಾಗಾಯಿತು.

ಭಾನುವಾರ ಬೋಜ ಹೇಳಿದಂತೆಯೇ ಮಾಡಿದ. ಕುರ್ಚಿ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತು, "ಅಲ್ಲಿ ಬಿಟ್ಟುಹೋಯ್ತು, ಇಲ್ಲಿ ಸಾಲದು, ಎಂತ ಯೂಸುಫಾಕ, ಉಜ್ಜಬೇಡಿ, ಹಚ್ಚಿ" ಎಂದು ಮಧ್ಯಾಹ್ನದವರೆಗೆ ಮೇಸ್ತ್ರಿಗಿರಿ ಮಾಡಿದ. ಮಧ್ಯಾಹ್ನದ ಮೇಲೆ ನೋಡಲಾಗದೆ ತಾನೂ ಎದ್ದು ಕುಂಚ ಹಿಡಿದ. ಕನ್ನಡಿಯಂಥ ಮೈ ಗೇಣು ಗೇಣಾಗಿ ಮಾಸಿತು. ನಾಲ್ಕು ಗಂಟೆಯ ಹೊತ್ತಿಗೆ ಹೊಳೆಬದಿಯ ಬೆಕ್ಕುಗಳು ಬೆನ್ನಿನ ಗೆರೆ ದಾಟಿ ಇಳಿದು ರಸ್ತೆ ಬದಿಯ ರೆಕ್ಕೆಯನ್ನು ಮೂಸಿ ನೋಡಿದವು. ಬಸ್ಸೊಂದು ನಿಧಾನ ಮಾಡಿತು. "ವಿಮಾನ, ವಿಮಾನ" ಎಂದು ಶುರು ಮಾಡಿದ ಕಂಡಕ್ಟರ್ ಮೂಗು ಹಿಡಿದು ಬಾಕಿಯನ್ನು ನುಂಗಿಕೊಂಡ.

ಬೀಫಾತಿಮ್ಮ ಚಹಾದ ಫ್ಲಾಸ್ಕು ಹಿಡಿದು ಬಂದಳು. ಮೊಣಕಾಲು ನೋವಿನವಳು ಸುತ್ತು ಬಳಸಿ ಹೊಳೆಬದಿಗೆ ಹೋಗಿ, ಮಟಿಲ್ಡಾ ಒರೆಸಿದ ಜಾಗದ ಎದುರು ನಿಂತಳು. ನೀಲಿ ಗೆರೆಯನ್ನು ಬೆರಳಿಂದ ಮುಟ್ಟಿದಳು. ಯೂಸುಫ್ ತಲೆ ತಗ್ಗಿಸಿ ಹಿಂದೆ ಬಂದು ನಿಂತ.

"ಇತ್ತಲ್ಲ," ಎಂದಳು.

"ಇತ್ತು," ಎಂದ ಅವನು.

"ಹಾಗಾದ್ರೆ ಇದೇ ಇರ್ಬೇಕು."

"ಅದನ್ನೇ ಅಲ್ವಾ ನಾನು ಮೂವತ್ತು ವರ್ಷದಿಂದ ಹೇಳುದು?"

"ಗೆರೆ ಇಲ್ಲ ಅಂತ ಹೇಳಿದ್ದು ಯಾರು?"

ಬೀಫಾತಿಮ್ಮ ಬಾಗಿಲ ಕಡೆ ನೋಡಿದಳು. ನಾಳೆ ಬೆಳಿಗ್ಗೆ ಲಾರಿ ಬರುವುದಿತ್ತು. ಇಷ್ಟು ವರ್ಷ ಅವಳು ಒಮ್ಮೆಯೂ ಒಳಗೆ ಹೋಗಿರಲಿಲ್ಲ, ಬೇರೆ ವಿಮಾನದೊಳಗೆ ತನಗೆ ಎಂತ ಕೆಲಸ ಎಂದು. ಬೋಜ ಎರಡು ಹಲಗೆ ತಂದು ಮೆಟ್ಟಿಲು ಮಾಡಿಕೊಟ್ಟ. ಯೂಸುಫ್ ಮೊದಲು ಹತ್ತಿದ, ಅವಳು ಸೆರಗು ಸಿಕ್ಕಿಸಿಕೊಂಡು ಹಿಂದೆ. ಒಳಗೆ ಅದೇ ಗುಡ್ಡ. ಸೀಟುಗಳಿಲ್ಲ, ಪರದೆಗಳಿಲ್ಲ, ಬರಿಯ ಪಕ್ಕೆಲುಬುಗಳು. ಇಬ್ಬರೂ ಮೆಲ್ಲ ಏರಿ ರೆಕ್ಕೆಯ ಹತ್ತಿರದ ಕಿಟಕಿಯ ಬಳಿ ನಿಂತರು. ಗಾಜಿನಾಚೆ ಬೋಜನ ಪಾಲಿನ ಫ್ಯಾನು, ಅದರಾಚೆ ಹೊಳೆ.

"ಇಲ್ಲಿಯೇ ಕೂತದ್ದು ನಾವು," ಎಂದಳು ಬೀಫಾತಿಮ್ಮ.

ಹೊರಗೆ ಬೋಜ ಒಂದು ಡಬ್ಬಿಯ ಮೇಲೆ ಹತ್ತಿ, ಎರಡೂ ಕೈಯಲ್ಲಿ ಫ್ಯಾನಿನ ಎಲೆ ಹಿಡಿದು ನಿಂತಿದ್ದ, ಹದಿನೆಂಟರ ಹುಡುಗನ ಗತ್ತಿನಲ್ಲಿ. "ಚಾಲು ಮಾಡ್ತೇನೆ!" ಎಂದು ಕೂಗಿದ. "ಗಟ್ಟಿ ಹಿಡ್ಕೊಳ್ಳಿ!"

ಎಳೆದ. ಮೂವತ್ತು ವರ್ಷ ಎಣ್ಣೆ ಕುಡಿದ ಫ್ಯಾನು ಒಮ್ಮೆ ನರಳಿ, ಬಿಡಿಸಿಕೊಂಡು, ಗರ್ರೆಂದು ಅರ್ಧ ಸುತ್ತು ತಿರುಗಿತು. ಇಡೀ ಮೈ ನಡುಗಿತು. ಕಾಲಡಿಯ ನೆಲ ಅಲ್ಲಾಡಿತು.

ಯೂಸುಫ್ ಕೆಳಗೆ ನೋಡಿದ. ಎಣ್ಣೆಯಿಂದ ಕಪ್ಪಾಗಿ, ಬೂತಾಯಿ ನಾರುತ್ತಿದ್ದ ಅವನ ಕೈಯನ್ನು ಬೀಫಾತಿಮ್ಮ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದಳು.

"ಎಂತ ನೋಡುದು? ಸೀಟಿನ ಹಿಡಿ."